ನಾಲ್ಕು ತಾಲ್ಲೂಕಿನ ನಮ್ಮ ದೇಶ



ದೇಶ ಸುತ್ತು, ಕೋಶ ಓದು ಅಂತ ಹಿರಿಯರು ಹೇಳಿದ್ದಾರೆ. ನಮ್ಮಂಥ ಗೃಹಿಣಿಯರ ಪಾಲಿಗೆ ಎರಡೂ ಅಷ್ಟಾಗಿ ಬರಲಿಲ್ಲ ಬಿಡಿ. ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾದ ಮೇಲೆ ನಾನು ಓದಿದ್ದು ಮಕ್ಕಳ ಪಠ್ಯಪುಸ್ತಕ. ಸುತ್ತಿದ್ದು ತವರುಮನೆ, ಅಕ್ಕನ ಮನೆ, ಚಿಕ್ಕಮ್ಮನ ಮನೆ, ಅಷ್ಟೆ. ಆದರೆ ಈಚೆಗೆ ಮಗಳ ದೆಸೆಯಿಂದ ಒಂದು ದೇಶವನ್ನೇ ಅಭ್ಯಾಸ ಮಾಡುವ ಹಾಗಾಯಿತು. ಅದನ್ನು ನಿಮಗೂ ಹೇಳೋಣವೆಂದು ಈ ಸಲ ಅಡುಗೆಯ ಮಾತನ್ನು ಸ್ವಲ್ಪ ಪಕ್ಕಕ್ಕಿಟ್ಟಿದ್ದೇನೆ.

ನಡೆದದ್ದು ಇಷ್ಟು. ಒಂಬತ್ತನೇ ತರಗತಿಯಲ್ಲಿರುವ ಮಗಳು ಒಂದು ಸಂಜೆ ಶಾಲೆಯಿಂದ ಬಂದವಳೇ, “ಅಮ್ಮಾ, ಮಿಸ್ಸು ಪ್ರಾಜೆಕ್ಟ್ ಕೊಟ್ಟಿದ್ದಾರೆ. ಯಾವುದಾದರೂ ಒಂದು ದೇಶದ ಸರ್ಕಾರ, ಆರ್ಥಿಕತೆ, ಸಂಸ್ಕೃತಿ ಬರ್ಕೊಂಡು ಹೋಗ್ಬೇಕು” ಅಂದಳು. ಅವಳು ಆರಿಸಿಕೊಂಡದ್ದು ಭೂತಾನ್. ಚಿಕ್ಕ ದೇಶ, ಬೇಗ ಮುಗಿಯುತ್ತೆ ಅಂತ ಲೆಕ್ಕ. ಅಲ್ಲಿ ರಾಜರೂ ಇದ್ದಾರೆ, 2008ರಲ್ಲಿ ಬಂದ ಸಂವಿಧಾನದ ಪ್ರಕಾರ ಚುನಾಯಿತ ಸರ್ಕಾರವೂ ಇದೆ. ನೀರಿನಿಂದ ತೆಗೆದ ವಿದ್ಯುತ್ತನ್ನು ನಮ್ಮ ಭಾರತಕ್ಕೆ ಮಾರಿ ಹಣ ಮಾಡುತ್ತಾರೆ. ಜನಸಂಖ್ಯೆ ಎಂಟು ಲಕ್ಷದೊಳಗೆ. ಹೀಗೆ ಅವಳು ಓದುತ್ತಾ ಹೋದಳು. ನಾನು ಬಸ್ಸಾರಿಗೆ ಒಗ್ಗರಣೆ ಹಾಕುತ್ತಾ, “ಅಷ್ಟೇನಾ? ನಮ್ಮ ನಾಲ್ಕು ತಾಲ್ಲೂಕಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದೀವಲ್ಲೇ” ಅಂದೆ. ಸುಳ್ಳಲ್ಲ. 2011ರ ಜನಗಣತಿಯಲ್ಲೇ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಒಂಬತ್ತು ಲಕ್ಷಕ್ಕೂ ಹೆಚ್ಚು ಜನ.

ಮಗಳು ಪೆನ್ನು ಕೆಳಗಿಟ್ಟು ಕೇಳಿದಳು: “ಹಾಗಾದ್ರೆ ನಮ್ಮನ್ನ ಯಾರು ಆಳ್ತಾರೆ, ಹೇಳು ನೋಡೋಣ?”

“ತಹಶೀಲ್ದಾರ್ರು.”

“ಅವರ ಮೇಲೆ?”

“ಏಸಿ ಸಾಹೇಬ್ರು.”

“ಪಂಚಾಯ್ತಿ ಯಾರ ಕೆಳಗೆ ಬರುತ್ತೆ? ಪಹಣಿ ಬರೆಯೋರು ಯಾರು?”

ನಾನು ತಡವರಿಸಿದೆ. ಇಪ್ಪತ್ತು ವರ್ಷಕ್ಕೂ ಮೇಲಾಯಿತು ಸೋದರಿಯರೇ, ಈ ಊರಿಗೆ ಬಂದು. ಮಧುಗಿರಿ ಬೆಟ್ಟವನ್ನು ದಿನಾ ಬೆಳಗ್ಗೆ ನೀರು ಹಿಡಿಯುವಾಗ ನೋಡುತ್ತೇನೆ. ಆದರೂ ನನ್ನ ಊರನ್ನು ಯಾರು ನಡೆಸುತ್ತಾರೆಂದು ಸರಿಯಾಗಿ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಅವಳು ಭೂತಾನ್ ಬರೆಯಲಿ, ನಾನು ನಮ್ಮದನ್ನು ಕಲಿಯುತ್ತೇನೆ ಅಂದುಕೊಂಡೆ.

ಈ ನಾಲ್ಕೂ ತಾಲ್ಲೂಕು ನನಗೆ ನೆಂಟಸ್ತಿಕೆಯಿಂದ ಕಟ್ಟಿದ ದೇಶ. ನಾನು ಹುಟ್ಟಿದ್ದು ಕೊರಟಗೆರೆ ತಾಲ್ಲೂಕಿನ ಒಂದು ಹಳ್ಳಿ. ಕೊಟ್ಟಿದ್ದು ಮಧುಗಿರಿಗೆ. ಅಕ್ಕನನ್ನು ಕೊಟ್ಟಿದ್ದು ಪಾವಗಡದ ಕಡೆಗೆ. ಚಿಕ್ಕಮ್ಮ ಶಿರಾದಲ್ಲಿದ್ದಾರೆ. ಸರ್ಕಾರದ ಲೆಕ್ಕದಲ್ಲೂ ಇವು ಒಂದೇ ಮನೆಯ ನಾಲ್ಕು ಕೋಣೆಗಳಿದ್ದಂತೆ. ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗವೆಂದರೆ ಈ ನಾಲ್ಕು ತಾಲ್ಲೂಕೇ. ವಿದ್ಯಾ ಇಲಾಖೆಯವರಂತೂ ಇದನ್ನು ಬೇರೆ ಶೈಕ್ಷಣಿಕ ಜಿಲ್ಲೆಯೆಂದೇ ಎಣಿಸುತ್ತಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಪತ್ರಿಕೆಯಲ್ಲಿ ತುಮಕೂರು ಒಂದು ಸಾಲು, ಮಧುಗಿರಿ ಇನ್ನೊಂದು ಸಾಲು ಅಚ್ಚಾಗುವುದನ್ನು ನೀವೂ ಗಮನಿಸಿರಬಹುದು. ಮಧುಗಿರಿಯನ್ನು ಪೂರ್ತಿ ಜಿಲ್ಲೆಯನ್ನಾಗಿ ಮಾಡಿ ಎಂಬ ಕೂಗು ಬಹಳ ಕಾಲದಿಂದ ಇದೆ. ಪಾವಗಡದವರು ಜಿಲ್ಲಾ ಕಚೇರಿಗೆಂದು ತುಮಕೂರಿಗೆ ಬರಬೇಕಾದರೆ ಸುಮಾರು ನೂರು ಕಿಲೋಮೀಟರ್ ಬಸ್ಸಿನಲ್ಲಿ ಕೂರಬೇಕು, ಅದಕ್ಕೆ ಈ ಕೂಗು. ಇಷ್ಟಾಗಿಯೂ ಲೋಕಸಭೆಗೆ ಓಟು ಹಾಕುವಾಗ ಮನೆ ಇಬ್ಭಾಗವಾಗುತ್ತದೆ. ಮಧುಗಿರಿ, ಕೊರಟಗೆರೆ ತುಮಕೂರು ಕ್ಷೇತ್ರಕ್ಕೆ, ಶಿರಾ, ಪಾವಗಡ ಚಿತ್ರದುರ್ಗ ಕ್ಷೇತ್ರಕ್ಕೆ. ಅಕ್ಕನ ಎಂ.ಪಿ. ಬೇರೆ, ನನ್ನ ಎಂ.ಪಿ. ಬೇರೆ!

ಹಿಂದೆ ಇಲ್ಲಿ ನಿಜವಾಗಿಯೂ ರಾಜ್ಯಭಾರ ನಡೆದದ್ದುಂಟು. ಶಿರಾ 1687ರಿಂದ ಸುಮಾರು ಎಪ್ಪತ್ತು ವರ್ಷ ಮೊಗಲರ ಒಂದು ಪ್ರಾಂತದ ರಾಜಧಾನಿಯಾಗಿತ್ತು. ಬೆಂಗಳೂರಿನ ಲಾಲ್‌ಬಾಗ್ ನೋಡಿ ಬೆರಗಾಗುತ್ತೀರಲ್ಲ, ಅಂಥ ತೋಟ ಮಾಡಿಸಬೇಕೆಂದು ಹೈದರಾಲಿಗೆ ಆಸೆ ಹುಟ್ಟಿದ್ದು ಶಿರಾದ ತೋಟ ನೋಡಿ ಅಂತ ಹೇಳುತ್ತಾರೆ. ನಮ್ಮ ಮಧುಗಿರಿ ಕೋಟೆಯ ಕಥೆಯೋ ಹೆಂಗಸರ ಕರುಳು ಹಿಂಡುವಂಥದ್ದು. ಕೆಳದಿ ರಾಣಿ ವೀರಮ್ಮಾಜಿಯ ಬಿದನೂರನ್ನು ಹೈದರಾಲಿ 1763ರಲ್ಲಿ ಗೆದ್ದು, ಅವಳನ್ನೂ ಮಗನನ್ನೂ ತಂದು ಸೆರೆಯಲ್ಲಿಟ್ಟದ್ದು ಈ ಬೆಟ್ಟದ ಮೇಲೆ. 1767ರಲ್ಲಿ ಮರಾಠರು ಕೋಟೆ ಹಿಡಿದಾಗ ಬಿಡುಗಡೆಯಾಯಿತಾದರೂ ಅವಳು ಮತ್ತೆ ಸಿಂಹಾಸನ ಕಾಣಲಿಲ್ಲ. ರಾಜ್ಯವಾಳಿದ ಹೆಂಗಸು ನಮ್ಮೂರಿಗೆ ಬಂದದ್ದು ಬಂದಿಯಾಗಿ. ಬೆಟ್ಟ ನೋಡಿದಾಗಲೆಲ್ಲ ಈಗ ನನಗೆ ಅವಳ ನೆನಪು.

ಇಂದಿನ ಆಡಳಿತ ಹೀಗಿದೆ ನೋಡಿ. ಹಳ್ಳಿಗೆ ಗ್ರಾಮ ಪಂಚಾಯ್ತಿ. ಜಮೀನಿನ ಲೆಕ್ಕಕ್ಕೆ ನಾವೆಲ್ಲ ಈಗಲೂ ಶಾನುಭೋಗರೆನ್ನುವ ಗ್ರಾಮ ಆಡಳಿತಾಧಿಕಾರಿಗಳು, ಅವರ ಮೇಲೆ ಹೋಬಳಿಯ ರೆವಿನ್ಯೂ ಇನ್ಸ್‌ಪೆಕ್ಟರು, ನಾಡಕಚೇರಿ. ತಾಲ್ಲೂಕಿಗೆ ತಹಶೀಲ್ದಾರರು. ಜಮೀನಿನ ಖಾತೆ ವಿಷಯದಲ್ಲಿ ತಹಶೀಲ್ದಾರರ ಕಡೆಯಿಂದ ಅನ್ಯಾಯವಾಯಿತೆನ್ನಿಸಿದರೆ ಮಧುಗಿರಿಯ ಏಸಿ ಸಾಹೇಬರಿಗೆ ಮೇಲ್ಮನವಿ ಹಾಕಬಹುದು. ಇದು ನನಗೆ ಗೊತ್ತಾದದ್ದೇ ಈಗ.

ಪಂಚಾಯ್ತಿಯ ಮಾತು ಬಂದಾಗ ಒಬ್ಬ ಪುಣ್ಯಾತ್ಮನನ್ನು ನೆನೆಯಬೇಕು. ಅಬ್ದುಲ್ ನಜೀರ್ ಸಾಬ್ ಅಂತ ಮಂತ್ರಿಗಳಿದ್ದರು. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಅನ್ನಿಸಿಕೊಂಡರು. ಅವರ ಕಾಲದಲ್ಲೇ, 1983ರ ಕಾಯಿದೆಯಲ್ಲಿ, ಪಂಚಾಯ್ತಿಯಲ್ಲಿ ನಾಲ್ಕರಲ್ಲೊಂದು ಸ್ಥಾನ ಹೆಂಗಸರಿಗೆ ಅಂತಾಯಿತು. 1987ರಲ್ಲಿ ಚುನಾವಣೆ ನಡೆಯಿತು. 1993ರ ಕಾಯಿದೆಯಲ್ಲಿ ಮೂರರಲ್ಲೊಂದು, 2010ರಲ್ಲಿ ಅರ್ಧಕ್ಕರ್ಧ. ಹೀಗೆ ನೀರನ್ನೂ ಕುರ್ಚಿಯನ್ನೂ ಹೆಣ್ಣುಮಕ್ಕಳ ಹತ್ತಿರಕ್ಕೆ ತಂದರು. ಆದರೆ ನಮ್ಮ ಕಡೆ ಮೆಂಬರು ಹೆಂಡತಿಯಾದರೆ ಸಭೆಗೆ ಹೋಗುವುದು ಗಂಡ ಎಂಬುದನ್ನು ನಾನು ನಿಮಗೆ ಬಿಡಿಸಿ ಹೇಳಬೇಕೆ? ವರ್ಷಕ್ಕೆ ಎರಡು ಸಲವಾದರೂ ಗ್ರಾಮಸಭೆ ಸೇರಬೇಕೆಂದು ಕಾನೂನಿದೆ. ಅಲ್ಲಿ ನಮ್ಮಂಥವರು ಎದ್ದು ಕೇಳಿದ ಪ್ರಶ್ನೆಗೂ ಬೆಲೆಯಿದೆ. ನಾನು ತವರಿನಲ್ಲಿದ್ದಷ್ಟು ದಿನ ಒಂದು ಸಲವೂ ಗ್ರಾಮಸಭೆ ನೋಡಲಿಲ್ಲ. ‘ಅಲ್ಲಿ ಗಂಡಸರಿರ್ತಾರೆ’ ಅನ್ನೋದೇ ನಮ್ಮಮ್ಮ ಹೇಳುತ್ತಿದ್ದ ಕಾರಣ.

ಇನ್ನು ಜೀವನೋಪಾಯ. ಮಗಳ ಪುಸ್ತಕದ ಭಾಷೆಯಲ್ಲಿ ಆರ್ಥಿಕತೆ. ನಮ್ಮದು ಮಳೆ ಕಡಿಮೆಯಿರುವ ಸೀಮೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಹೊಳೆ ಕೊರಟಗೆರೆ, ಮಧುಗಿರಿ ಹಾದು ಆಂಧ್ರದ ಕಡೆ ಹೋಗುತ್ತದೆ. ಅದರಲ್ಲಿ ವರ್ಷವಿಡೀ ನೀರು ನೋಡಿದ ನೆನಪು ನನಗಿಲ್ಲ. ಕೊರಟಗೆರೆಯಲ್ಲಿ ತೆಂಗು, ಅಡಿಕೆ ಉಂಟು. ಉತ್ತರಕ್ಕೆ ಹೋದಹಾಗೆ ಮಳೆ ನಂಬಿದ ಕಡ್ಲೆಕಾಯಿ, ರಾಗಿ, ಕುರಿ, ಹುಣಸೆಮರ. ಕಡ್ಲೆಕಾಯಿಗೆ ಕಳೆ ಕೀಳುವುದು, ಗಿಡ ಕಿತ್ತಮೇಲೆ ಕಾಯಿ ಬಿಡಿಸುವುದು ಯಾರು? ಶಿವರಾತ್ರಿ ಹೊತ್ತಿಗೆ ಹುಣಸೆಹಣ್ಣು ಬಡಿದು ತಂದರೆ ಜಗಲಿ ಮೇಲೆ ಕೂತು ಓಡು ತೆಗೆದು, ನಾರು ಬಿಡಿಸಿ, ಬೀಜ ಕುಟ್ಟಿ ಹೊರಗೆ ಹಾಕುವುದು ಯಾರು? ಎಲ್ಲ ನಾವೇ. ತುಮಕೂರಿನ ಮಂಡಿಗೆ ಹೋದ ಮೂಟೆಯ ಲೆಕ್ಕ ಮಾತ್ರ ಗಂಡಸರ ಕೈಯಲ್ಲಿ. ಮಗಳಿಗೆ ಇದನ್ನೆಲ್ಲ ಹೇಳಿದಾಗ ಅವಳು, “ಅಮ್ಮಾ, ಇದನ್ನ ಯಾವ ಪುಸ್ತಕದಲ್ಲೂ ಬರೆದಿಲ್ವಲ್ಲ” ಅಂದಳು.

ಭೂತಾನ್ ನೀರು ಮಾರಿದ ಹಾಗೆ ನಮ್ಮ ಪಾವಗಡ ಬಿಸಿಲು ಮಾರುತ್ತದೆ. ಕೇಳಿರುತ್ತೀರಿ. ಮಳೆಯಿಲ್ಲದ ನಾಗಲಮಡಿಕೆ ಹೋಬಳಿಯಲ್ಲಿ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಈ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಹಲಗೆಗಳನ್ನು ಹಾಸಿದ್ದಾರೆ. 2018ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು, 2019ರ ಕೊನೆಗೆ ಪೂರ್ಣವಾಯಿತು. 2,050 ಮೆಗಾವಾಟ್ ಶಕ್ತಿಯದು. ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ತೆಗೆದುಕೊಂಡದ್ದು ಅದರ ವಿಶೇಷ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಹೆಚ್ಚಳ. ಬಿತ್ತಿದ ಬೀಜವೂ ಕೈಗೆ ಬಾರದ ಭೂಮಿಗೆ ಇದು ಸಣ್ಣ ಮಾತಲ್ಲ. ಆದರೆ ಜಮೀನಿಲ್ಲದೆ ಕೂಲಿಯನ್ನೇ ನಂಬಿದ್ದ ಹೆಂಗಸರಿಗೆ ಕಳೆ ಕೀಳುವ ಕೆಲಸ ಹೋಯಿತು, ಕುರಿಯವರಿಗೆ ಮೇವಿನ ಬಯಲು ಹೋಯಿತು. ಬಾಡಿಗೆ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ.

ಇಲ್ಲೇ ನಮ್ಮಕ್ಕನ ಕಥೆ ಬರುತ್ತದೆ. ಭಾವ ತೀರಿಕೊಂಡು ಬಹಳ ವರ್ಷವಾಯಿತು. ಅವಳು ಎರಡು ಮಕ್ಕಳನ್ನು ಅದೇ ಮಣ್ಣಿನಲ್ಲಿ ಗೇದು ಸಾಕಿದಳು. ಸೋಲಾರಿನವರಿಗೆ ಗುತ್ತಿಗೆ ಕೊಡುವ ಕಾಲ ಬಂದಾಗ ಅಕ್ಕಪಕ್ಕದವರೆಲ್ಲ ಕಾಗದ ತೆಗೆದುಕೊಂಡು ಹೊರಟರು. ಇವಳೂ ಪೆಟ್ಟಿಗೆಯಿಂದ ಕಾಗದ ತೆಗೆದು ನೋಡುತ್ತಾಳೆ, ಪಹಣಿ ಇನ್ನೂ ಅವಳ ಮಾವನವರ ಹೆಸರಿನಲ್ಲೇ ಇದೆ! ಮಾವ ಹೋಗಿ ಇಪ್ಪತ್ತು ವರ್ಷ ದಾಟಿತ್ತು. ಭಾವ ಬದುಕಿದ್ದಾಗ ಖಾತೆ ಬದಲಾಯಿಸಲಿಲ್ಲ, ಮೈದುನರೂ ಮಾಡಿಸಲಿಲ್ಲ. ‘ಎಲ್ಲಿ ಹೋಗುತ್ತೆ, ನಮ್ಮ ಜಮೀನು ತಾನೆ’ ಎಂಬ ಧೈರ್ಯ. ಆಮೇಲೆ ವಂಶವೃಕ್ಷ ಮಾಡಿಸು, ಮರಣ ಪತ್ರ ಹುಡುಕು, ಮೈದುನರ ಒಪ್ಪಿಗೆ ತಗೋ ಅಂತ ಅವಳು ಮೂರು ವರ್ಷ ಅಲೆದಳು. ದೊಡ್ಡ ಮೈದುನ ಮೊದಲು, “ಅತ್ತಿಗೇ, ನಿಮಗ್ಯಾಕೆ ಈ ತಲೆನೋವು, ನನ್ನ ಹೆಸರಿಗೆ ಬರಲಿ, ನಿಮಗೆ ಕೊಡ್ತೀನಿ” ಅಂದರಂತೆ. ಅಕ್ಕ ಹೆಚ್ಚು ಓದಿದವಳಲ್ಲ. “ಕೊಡೋದಾದ್ರೆ ಕಾಗದದಲ್ಲೇ ಕೊಡಪ್ಪ” ಅಂದಳಂತೆ. ಊರಿನ ಹಿರಿಯರು ಕೂತು ಮಾತಾಡಿ ಕೊನೆಗೆ ಅವಳ ಪಾಲು ಅವಳ ಹೆಸರಿಗೆ ಬಂತು. ಆ ಮೂರು ವರ್ಷದ ಬಾಡಿಗೆಗಾಗಿ ಅವಳು ಪಟ್ಟ ಪಾಡು, ಮಗಳ ಕಾಲೇಜು ಫೀಜಿಗೆ ಬಳೆ ಅಡವಿಟ್ಟದ್ದು ನನಗೆ ಗೊತ್ತು.

ಮನೆಯಲ್ಲಿ ಯಜಮಾನರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಖಾತೆ ಮಾಡಿಸುವುದಕ್ಕೆ ಪೌತಿ ಖಾತೆ ಅನ್ನುತ್ತಾರೆ. ಮರಣ ಪತ್ರ, ವಂಶವೃಕ್ಷ, ಪಹಣಿ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ತಕರಾರಿದ್ದವರಿಗೆ ಹೇಳಲು ಅವಕಾಶ ಕೊಟ್ಟು, ಆಮೇಲೆ ಹೆಸರು ಸೇರಿಸುತ್ತಾರೆ. ಗಂಡನ ಆಸ್ತಿಯಲ್ಲಿ ಹೆಂಡತಿಗೆ ಮಕ್ಕಳ ಜೊತೆ ಸಮನಾದ ಪಾಲನ್ನು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೇ ಕೊಟ್ಟಿದೆ. ತಿಥಿ ಕಳೆದ ಕೂಡಲೇ ಆಸ್ತಿಯ ಮಾತೇ ಅಂತ ಜನ ಆಡಿಕೊಂಡಾರು. ಆಡಿಕೊಳ್ಳಲಿ. ವರ್ಷ ತುಂಬುವುದರೊಳಗೆ ಮಾಡಿಸಿಕೊಳ್ಳಿ.

ನೀರಿನ ಮಾತು ಹೇಳದೆ ನಮ್ಮ ದೇಶದ ವರ್ಣನೆ ಮುಗಿಯುವುದಿಲ್ಲ. ಬೋರ್‌ವೆಲ್ ಆಳಕ್ಕೆ ಇಳಿದಂತೆ ಬಂದದ್ದು ಫ್ಲೋರೈಡ್ ನೀರು. ಪಾವಗಡದಲ್ಲಿ ಜಾಸ್ತಿ, ಮಧುಗಿರಿ, ಶಿರಾ ಕಡೆಯೂ ಉಂಟು. ಒಂದು ಲೀಟರ್ ನೀರಿನಲ್ಲಿ 1.5 ಮಿಲಿಗ್ರಾಂ ಮೀರಿದರೆ ಅದು ಕುಡಿಯಲು ಯೋಗ್ಯವಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ, ದೊಡ್ಡವರಿಗೆ ಕೀಲು ಹಿಡಿದುಕೊಳ್ಳುವುದು, ಸೊಂಟ ಬಾಗುವುದು ಇದರಿಂದಲೇ. ಅಕ್ಕನ ಅತ್ತೆಯವರು ಕೊನೆಯ ಹತ್ತು ವರ್ಷ ನೆಟ್ಟಗೆ ನಿಲ್ಲಲಾಗದೆ ಕಳೆದರು. ವಯಸ್ಸಾಯ್ತಲ್ಲ ಅಂತ ಎಲ್ಲರೂ ಅಂದುಕೊಂಡೆವು. ಒಂದು ಮಾತು ನೆನಪಿಡಿ: ಕಾಯಿಸಿ ಆರಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದು ಗಟ್ಟಿಯಾಗುತ್ತದೆ. ಕುಡಿಯಲಿಕ್ಕೆ, ಅಡುಗೆಗೆ ಎರಡಕ್ಕೂ ಶುದ್ಧ ನೀರಿನ ಘಟಕದ ನೀರನ್ನೋ ಶೇಖರಿಸಿದ ಮಳೆನೀರನ್ನೋ ಬಳಸಿ. ಕುಡಿಯುವ ನೀರು ಬೇರೆ, ಸಾರಿಗೆ ಬೋರಿನ ನೀರು ಅನ್ನುವ ಪಂಕ್ತಿಭೇದ ಬೇಡ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ನಿನ ನಿಯಮದಲ್ಲಿ ಪ್ರತಿ ಹಳ್ಳಿಯ ಐದು ಜನ ಹೆಂಗಸರಿಗೆ ನೀರು ಪರೀಕ್ಷೆ ಕಲಿಸಬೇಕೆಂದು ಹೇಳಿದೆ. ನಿಮ್ಮ ಹಳ್ಳಿಯ ಆ ಐವರು ಯಾರು ಅಂತ ಪಂಚಾಯ್ತಿಯಲ್ಲಿ ಕೇಳಿ. ಶಿರಾ ಕೆರೆಗೆ ಹೇಮಾವತಿ ಹರಿದು ಬಂದ ಮೇಲೆ ಚಿಕ್ಕಮ್ಮನ ಮುಖದಲ್ಲಿ ಕಂಡ ಗೆಲುವು ಪಾವಗಡದ ಅಕ್ಕನ ಮುಖದಲ್ಲೂ ಕಾಣಬೇಕೆಂಬುದು ನನ್ನ ಆಸೆ. ತುಂಗಭದ್ರೆಯ ಹಿನ್ನೀರನ್ನು ಕುಡಿಯಲು ಅಲ್ಲಿಗೆ ತರುವ ಯೋಜನೆ ಅದಕ್ಕಾಗಿಯೇ ಕೈಗೊಂಡದ್ದು.

ಸಂಸ್ಕೃತಿಯಲ್ಲಿ ನಾವು ಬಡವರಲ್ಲ. ಮಧುಗಿರಿಯಲ್ಲಿ ದಂಡಿನ ಮಾರಮ್ಮನ ಜಾತ್ರೆ. ಪಾವಗಡದ ಶನಿಮಹಾತ್ಮನ ಗುಡಿಗೆ ಶನಿವಾರ ಎರಡೂ ರಾಜ್ಯದ ಜನ. ಅಕ್ಕನ ಮನೆಯಲ್ಲಿ ಅತ್ತೆ ಬೈಯುತ್ತಿದ್ದದ್ದು ತೆಲುಗಿನಲ್ಲಿ, ಮಕ್ಕಳು ಓದಿದ್ದು ಕನ್ನಡದಲ್ಲಿ! ಶಿರಾದಲ್ಲಿ ಮಲಿಕ್ ರಿಹಾನ್ ದರ್ಗಾ, ಅದೇ ತಾಲ್ಲೂಕಿನಲ್ಲಿ ಕಾಡುಗೊಲ್ಲರ ಜುಂಜಪ್ಪ. ಕಗ್ಗಲಡು ಎಂಬ ಹಳ್ಳಿಯಲ್ಲಿ ಬಣ್ಣದ ಕೊಕ್ಕರೆಗಳು ಹುಣಸೆಮರದಲ್ಲಿ ಗೂಡು ಕಟ್ಟಿ ಮರಿ ಮಾಡುತ್ತವೆ. ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳನ್ನು ನೋಡಿಕೊಂಡ ಹಾಗೆ ಊರವರು ಅವನ್ನು ಕಾಯುತ್ತಾರೆ. ನಮ್ಮ ತವರಿನ ಕಡೆ ಗೊರವನಹಳ್ಳಿ ಲಕ್ಷ್ಮಿ ಇಂದು ನಾಡಿಗೇ ಪ್ರಸಿದ್ಧಿ. ಪಾಳುಬಿದ್ದಿದ್ದ ಆ ಗುಡಿಯಲ್ಲಿ ದೀಪ ಹಚ್ಚಿ ಪೂಜೆ ನಿಲ್ಲಿಸಿದವರು ಕಮಲಮ್ಮ ಎಂಬ ತಾಯಿ. ಮಿಡಿಗೇಶಿ ದುರ್ಗಕ್ಕೂ ಹಿಮ್ಮಡಿ ಮುಟ್ಟುವ ಕೂದಲಿದ್ದ ಒಬ್ಬ ಹೆಣ್ಣುಮಗಳ ಹೆಸರು ಬಂತೆಂದು ಕಥೆ.

ಆದರೆ ಸಂಸ್ಕೃತಿ ಅಂದರೆ ಒಳ್ಳೆಯದನ್ನಷ್ಟೇ ಬರೆದು ನಿಲ್ಲಿಸಬಾರದು. ಮುಟ್ಟಾದವರನ್ನೂ ಹಸಿ ಬಾಣಂತಿಯರನ್ನೂ ಹಟ್ಟಿಯಿಂದ ಹೊರಗೆ ಗುಡಿಸಲಲ್ಲಿ ಇಡುವ ಪದ್ಧತಿ ನಮ್ಮ ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಉಳಿದುಕೊಂಡು ಬಂತು. 2023ರ ಜುಲೈಯಲ್ಲಿ, ಮಳೆಗಾಲದಲ್ಲಿ, ತುಮಕೂರು ತಾಲ್ಲೂಕಿನ ಒಂದು ಹಟ್ಟಿಯ ಹೊರಗೆ ಹಾಗಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಿತು. ಓದಿ ಎರಡು ದಿನ ಊಟ ಸೇರಲಿಲ್ಲ. 2017ರ ಮೌಢ್ಯ ಪ್ರತಿಬಂಧಕ ಕಾಯಿದೆಯಲ್ಲಿ ಇಂಥ ಬಲವಂತ ಶಿಕ್ಷಾರ್ಹ. ಕೊಕ್ಕರೆಯ ಬಾಣಂತನ ಮಾಡುವ ಸೀಮೆಯವರು ನಾವು, ನಮ್ಮ ಹೆಣ್ಣುಮಕ್ಕಳನ್ನು ಮನೆಯೊಳಗೆ ಬೆಚ್ಚಗೆ ಮಲಗಿಸುವುದು ಕಷ್ಟವೇ? ಹಟ್ಟಿಯ ಹಿರಿಯ ಹೆಂಗಸರು ಮನಸ್ಸು ಮಾಡಿದರೆ ಒಂದು ದಿನದ ಕೆಲಸ.

ಇಷ್ಟೆಲ್ಲ ಹೇಳಿ ಮುಗಿಸಿದ ರಾತ್ರಿ ಮಗಳು ಕೇಳಿದಳು: “ಅಮ್ಮಾ, ದೊಡ್ಡಮ್ಮನಿಗೆ ಜಮೀನಾಯ್ತು. ನಿನ್ನ ಹೆಸರಲ್ಲಿ ಏನಿದೆ?”

ನಾನು ಬೆರಳು ಮಡಿಸಿ ಎಣಿಸಿದೆ. ಓಟಿನ ಚೀಟಿ. ರೇಷನ್ ಕಾರ್ಡಿನಲ್ಲಿ ಕುಟುಂಬದ ಯಜಮಾನಿ ಎಂಬ ಹೆಸರು. 2023ರಲ್ಲಿ ಗೃಹಲಕ್ಷ್ಮಿಗೆಂದು ತೆರೆದ ಬ್ಯಾಂಕ್ ಖಾತೆ. ಅಲ್ಲಿಗೆ ಮುಗಿಯಿತು.

ನಾನೂ ಒಂದು ಸೈ ಹಾಕಿದವಳೇ ಸೋದರಿಯರೇ. ಅಪ್ಪ ಹೋದ ಮೇಲೆ ತಮ್ಮ ಕಾರು ಮಾಡಿಕೊಂಡು ಬಂದು ಕರೆದುಕೊಂಡು ಹೋದ. ಹಕ್ಕು ಬಿಡುಗಡೆ ಪತ್ರ ಅಂತ. ನಾನು ಓದಲೂ ಇಲ್ಲ, ತೋರಿಸಿದ ಕಡೆ ಸೈ ಹಾಕಿದೆ. ಹೋಟೆಲಿನಲ್ಲಿ ದೋಸೆ ತಿಂದೆವು. ನಾದಿನಿ ಅರಿಸಿನ ಕುಂಕುಮದ ಜೊತೆ ರೇಷ್ಮೆ ಸೀರೆ ಕೊಟ್ಟಳು. ತಮ್ಮ ಕೆಟ್ಟವನಲ್ಲ, ಹಬ್ಬಕ್ಕೆ ತಪ್ಪದೆ ಕರೆಯುತ್ತಾನೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ನಮ್ಮ ಕರ್ನಾಟಕ 1994ರಲ್ಲೇ ಕಾನೂನು ತಂದಿತ್ತು, ಇಡೀ ದೇಶಕ್ಕೆ 2005ರಲ್ಲಿ ಬಂತು, ಸುಪ್ರೀಂ ಕೋರ್ಟು 2020ರಲ್ಲಿ ಅದನ್ನು ಇನ್ನಷ್ಟು ಸ್ಪಷ್ಟಮಾಡಿತು. ಇದೆಲ್ಲ ಅವತ್ತು ಗೊತ್ತಿದ್ದಿದ್ದರೂ ಬಹುಶಃ ನಾನು ತಮ್ಮನಿಗೇ ಬಿಟ್ಟುಕೊಡುತ್ತಿದ್ದೆನೋ ಏನೋ. ಆದರೆ ಗೊತ್ತಿದ್ದು ಕೊಟ್ಟಿದ್ದರೆ ಅದು ನಾನು ಕೊಟ್ಟದ್ದಾಗುತ್ತಿತ್ತು. ಈಗ ಏನಾಗಿದೆಯೆಂದರೆ, ಏನು ಕೊಟ್ಟೆನೆಂಬುದೇ ನನಗೆ ತಿಳಿಯದು. ಎಷ್ಟು ಎಕರೆಯೆಂದು ಇವರು ಕೇಳಿದರೆ ಹೇಳಲು ಬಾರದು. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ತಮ್ಮನ ಹೆಂಡತಿಯೂ ಈ ಪತ್ರಿಕೆ ಓದುತ್ತಾಳೆ. ಓದಲಿ, ಅವಳಿಗೂ ಒಬ್ಬಳು ಮಗಳಿದ್ದಾಳೆ.

ಆದ್ದರಿಂದ ಈ ಹದಿನೈದು ದಿನಕ್ಕೆ ನಿಮಗೂ ಮನೆಗೆಲಸ ಕೊಡುತ್ತೇನೆ, ಬೇಸರಿಸಬೇಡಿ. ನಿಮ್ಮ ಮನೆಯ ಪಹಣಿ ಯಾರ ಹೆಸರಿನಲ್ಲಿದೆ, ಅವರು ಬದುಕಿದ್ದಾರೆಯೇ ನೋಡಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಷ್ಟು ಕೇಳಿ. ಮುಂದಿನ ಗ್ರಾಮಸಭೆ ಯಾವತ್ತು ಅಂತ ವಿಚಾರಿಸಿ, ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ. ಯಾರಾದರೂ ಕಾಗದ ತಂದು ‘ಇಲ್ಲೊಂದು ಸೈ ಹಾಕಿ’ ಅಂದರೆ, ತಮ್ಮನೇ ಆಗಲಿ ಮೈದುನನೇ ಆಗಲಿ, ಕಾಫಿ ಕೊಟ್ಟು ಕೂರಿಸಿ. ಪೂರ್ತಿ ಓದಿ, ತಿಳಿಯದಿದ್ದರೆ ತಿಳಿದವರಿಗೆ ತೋರಿಸಿ, ಆಮೇಲೆ ಸೈ ಹಾಕುವ ಮಾತು.

ಮಗಳ ಭೂತಾನ್ ಪ್ರಾಜೆಕ್ಟಿಗೆ ಹತ್ತಕ್ಕೆ ಎಂಟು ಬಂತು. ನಮ್ಮ ದೇಶದ ವಿಷಯವನ್ನು ಅವಳು ಇನ್ನೊಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾಳೆ. ತವರಿಗೆ ಹೋದಾಗ ಅಜ್ಜನ ಜಮೀನು ಎಷ್ಟಿತ್ತೆಂದು ಮಾವನನ್ನೇ ಕೇಳುತ್ತೇನೆ ಅಂದಿದ್ದಾಳೆ. ನಾನು ಬೇಡ ಅನ್ನಲಿಲ್ಲ.

ಮುಂದಿನ ಸಂಚಿಕೆಯಲ್ಲಿ, ಮಾತು ಕೊಟ್ಟಂತೆ, ಪಾವಗಡದ ಕಡ್ಲೆಕಾಯಿ ಚಟ್ನಿಪುಡಿ.